ಗೇಮ್ ಕ್ರ್ಯಾಶ್: ಮೊದಲು ಪರೀಕ್ಷೆ, ಆಮೇಲೆ ಬಿಡಿಭಾಗ

ಮಾನ್ಯರೇ,

ಹಬ್ಬದ ರಿಯಾಯಿತಿಯಲ್ಲೋ ಮಕ್ಕಳ ಪರೀಕ್ಷೆ ಮುಗಿದ ರಜೆಯಲ್ಲೋ ಮನೆಯ ಕಂಪ್ಯೂಟರಿಗೆ ಹೊಸ ಪ್ರೊಸೆಸರ್, ರ‍್ಯಾಮ್ ಅಥವಾ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡವರಲ್ಲಿ ಅನೇಕರು ಕೆಲವೇ ದಿನಗಳಲ್ಲಿ ಅದನ್ನು ಹೊತ್ತುಕೊಂಡು ಮತ್ತೆ ಅಂಗಡಿಗೆ ಬರುತ್ತಾರೆ. ಉಳಿದ ಕೆಲಸಗಳೆಲ್ಲ ಸರಿಯಾಗಿ ನಡೆಯುತ್ತವೆ, ಗೇಮ್ ಮಾತ್ರ ನಡುವೆಯೇ ಕ್ರ್ಯಾಶ್ ಆಗುತ್ತದೆ ಎಂಬುದು ಅವರ ದೂರು. ವಿಂಡೋಸ್ ಫಾರ್ಮ್ಯಾಟ್ ಮಾಡೋಣ, ಆಗಲೂ ಸರಿಹೋಗದಿದ್ದರೆ ಗ್ರಾಫಿಕ್ಸ್ ಕಾರ್ಡ್ ಹೋಗಿದೆ ಎಂದೇ ಅರ್ಥ ಎನ್ನುವುದು ಅವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ. ಕಂಪ್ಯೂಟರ್ ದುರಸ್ತಿಯನ್ನೇ ವೃತ್ತಿಯಾಗಿಸಿಕೊಂಡಿರುವ ನನಗೆ ಈ ಪದ್ಧತಿ ಬದಲಾಗಲೇಬೇಕು ಎನಿಸಿದೆ. ಅಪ್‌ಗ್ರೇಡ್ ಮಾಡಿಕೊಡುವ ಅಂಗಡಿಯೇ ಪರೀಕ್ಷೆ ನಡೆಸಿ, ಅದರ ಫಲಿತಾಂಶವನ್ನು ಬಿಲ್ಲಿನ ಜತೆ ಬರೆದುಕೊಡಬೇಕು.

ಪರದೆಯ ಮೇಲೆ ಬಂದ ಸಂದೇಶವನ್ನಷ್ಟೇ ನಂಬಿದರೆ ಏನಾಗುತ್ತದೆ ಎಂಬುದನ್ನು ಇಂಟೆಲ್‌ನ 13 ಮತ್ತು 14ನೇ ಜನರೇಷನ್ನಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಪ್ರಕರಣ ಚೆನ್ನಾಗಿ ತೋರಿಸಿಕೊಟ್ಟಿದೆ. ಅನ್‌ರಿಯಲ್ ಎಂಜಿನ್ ಎಂಬ ಗೇಮ್ ತಯಾರಿಕಾ ಸಾಫ್ಟ್‌ವೇರ್ ಬಳಸುವ ಕೆಲವು ಗೇಮ್‌ಗಳು ಶುರುವಾಗುವಾಗ, ಶೇಡರ್‌ಗಳು (ದೃಶ್ಯದ ಬೆಳಕು, ಬಣ್ಣಗಳ ಲೆಕ್ಕ ಹಾಕುವ ಕಿರುಪ್ರೋಗ್ರಾಂಗಳು) ಸಿದ್ಧವಾಗುತ್ತಿರುವ ಹಂತದಲ್ಲೇ, ವಿಡಿಯೊ ಮೆಮೊರಿ ಸಾಲುತ್ತಿಲ್ಲ ಎಂದು ತೋರಿಸಿ ಮುಚ್ಚಿಕೊಳ್ಳುತ್ತಿದ್ದವು. 24 ಜಿಬಿ ಮೆಮೊರಿಯ ಕಾರ್ಡ್ ಇದ್ದವರಿಗೂ ಬರುತ್ತಿದ್ದುದು ಇದೇ ಸಂದೇಶ! ಅನುಮಾನವೆಲ್ಲ ಕಾರ್ಡಿನ ಮೇಲೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಹಂತದಲ್ಲಿ ನಿಜವಾಗಿ ದುಡಿಯುವುದು ಪ್ರೊಸೆಸರ್. ಅದರ ಕೋರ್‌ಗಳೆಲ್ಲ ಒಟ್ಟಿಗೆ ಶೇಡರ್ ಕಂಪೈಲ್ ಮಾಡುತ್ತ, ಕುಗ್ಗಿಸಿಟ್ಟ ಫೈಲುಗಳನ್ನು ಬಿಡಿಸುತ್ತ ಇರುವಾಗ ಲೆಕ್ಕ ಎಲ್ಲೋ ಒಂದೆಡೆ ತಪ್ಪಿದರೂ ಗೇಮ್ ಅಲ್ಲಿಗೇ ನಿಲ್ಲಬಹುದು. ಮೈಕ್ರೊಕೋಡ್ ಎಂಬ, ಪ್ರೊಸೆಸರ್‌ನೊಳಗಿನ ನಿಯಂತ್ರಣ ಸಾಫ್ಟ್‌ವೇರ್‌ನ ದೋಷದಿಂದ ಈ ಪ್ರೊಸೆಸರ್‌ಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿವೆ ಎಂದು 2024ರ ಜುಲೈನಲ್ಲಿ ಇಂಟೆಲ್ ಒಪ್ಪಿಕೊಂಡಿತು. ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ತಿದ್ದುಪಡಿಗಳು ಬಯೋಸ್ (ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲಿರುವ ಸಾಫ್ಟ್‌ವೇರ್) ಅಪ್‌ಡೇಟ್ ಮೂಲಕ ಬಂದವು, ವಾರಂಟಿಯೂ ಎರಡು ವರ್ಷ ಹೆಚ್ಚಿತು. ಈ ತಿದ್ದುಪಡಿ ಮುಂದಿನ ಹಾನಿಯನ್ನು ತಡೆಯಬಹುದೇ ಹೊರತು ಈಗಾಗಲೇ ಹಾಳಾದ ಪ್ರೊಸೆಸರನ್ನು ಸರಿಪಡಿಸಲಾರದು. ಅಂಥ ಯಂತ್ರದಲ್ಲಿ ವಿಂಡೋಸ್ ಫಾರ್ಮ್ಯಾಟ್ ಮಾಡುವುದು, ಕಾರ್ಡ್ ಬದಲಾಯಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಎಲ್ಲ ಕ್ರ್ಯಾಶ್‌ಗೂ ಪ್ರೊಸೆಸರ್ ಕಾರಣವಲ್ಲ. ನಾನು ಹೆಚ್ಚಾಗಿ ಕಾಣುವುದು ರ‍್ಯಾಮ್‌ನ ತೊಂದರೆ. ಡಿಡಿಆರ್5 ರ‍್ಯಾಮ್‌ನ ಡಬ್ಬಿಯ ಮೇಲೆ 6000 ಎಂದು ಅಚ್ಚಾಗಿದ್ದರೂ, ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಎಂಬ, ರ‍್ಯಾಮ್‌ನ ವೇಗ ಹೆಚ್ಚಿಸುವ ಸೆಟ್ಟಿಂಗನ್ನು ಆನ್ ಮಾಡದ ಹೊರತು ಅದು ಸಾಮಾನ್ಯವಾಗಿ 4800ರಂಥ ಕಡಿಮೆ ವೇಗದಲ್ಲೇ ಓಡುತ್ತದೆ. ಆನ್ ಮಾಡುವುದೆಂದರೆ ನಿಗದಿತ ವೇಗ ಮೀರಿ ಓಡಿಸುವ ಒಂದು ಬಗೆಯ ಓವರ್‌ಕ್ಲಾಕಿಂಗೇ. ಹಳೆಯ ಎರಡು ಸ್ಟಿಕ್‌ಗಳ ಪಕ್ಕದಲ್ಲಿ ಬೇರೆ ಕಿಟ್‌ನ ಇನ್ನೆರಡನ್ನು ಕೂರಿಸಿ ಅದೇ ವೇಗ ಕೇಳಿದರೆ ಅನೇಕ ಮದರ್‌ಬೋರ್ಡ್‌ಗಳಿಗೆ ಅದು ನಿಭಾಯಿಸಲಾಗದು. ಎಕ್ಸ್‌ಎಂಪಿ ಆಫ್ ಮಾಡಿ ಅದೇ ಗೇಮ್ ಆಡಿಸಿ ನೋಡುವುದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಇಲ್ಲಿ ಒಂದು ಎಚ್ಚರಿಕೆ ಬೇಕು: ಬಯೋಸ್ ಅಪ್‌ಡೇಟ್ ಮಾಡಿದಾಗ ಈ ಸೆಟ್ಟಿಂಗ್ ಸಾಮಾನ್ಯವಾಗಿ ತಾನಾಗಿಯೇ ಆಫ್ ಆಗುತ್ತದೆ. ಹಾಗಾಗಿ ಕ್ರ್ಯಾಶ್ ನಿಂತದ್ದು ಅಪ್‌ಡೇಟ್‌ನಿಂದಲೋ ರ‍್ಯಾಮ್‌ನ ವೇಗ ಇಳಿದದ್ದರಿಂದಲೋ ಎಂಬುದು ಮತ್ತೆ ಆನ್ ಮಾಡಿ ನೋಡದೆ ತಿಳಿಯುವುದಿಲ್ಲ.

ಗೇಮ್ ಮುಚ್ಚಿಕೊಂಡು ಡೆಸ್ಕ್‌ಟಾಪ್‌ಗೆ ಬರುವುದು ಬೇರೆ, ಇಡೀ ಯಂತ್ರವೇ ಆಫ್ ಆಗುವುದು ಬೇರೆ. ಎರಡನೆಯದಾದರೆ ಮೊದಲು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಪೆಟ್ಟಿಗೆ) ಕಡೆ ನೋಡಬೇಕು. ಗ್ರಾಫಿಕ್ಸ್ ಕಾರ್ಡಿನ ಒಂದೊಂದು 8 ಪಿನ್ ಕನೆಕ್ಟರ್‌ಗೆ ನಿಗದಿಯಾಗಿರುವುದು 150 ವ್ಯಾಟ್. ಹೆಚ್ಚು ವಿದ್ಯುತ್ ಎಳೆಯುವ ಕಾರ್ಡಿನ ಎರಡು ಕನೆಕ್ಟರ್‌ಗಳನ್ನೂ ಒಂದೇ ಕೇಬಲ್‌ನ ಕವಲುಗಳಿಂದ ತುಂಬಿಸಿ ಕಳುಹಿಸುವವರಿದ್ದಾರೆ. ಎಸ್‌ಎಂಪಿಎಸ್‌ನಿಂದಲೇ ಪ್ರತ್ಯೇಕ ಎರಡು ಕೇಬಲ್ ಎಳೆಯುವುದು ಕ್ಷೇಮ. ಇನ್ನು ವಿಂಡೋಸ್‌ನಲ್ಲಿ ನಡೆದದ್ದರ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಎಂದು ಕಂಡೊಡನೆ ಎಸ್‌ಎಂಪಿಎಸ್ ಕೆಟ್ಟಿದೆ ಎಂದು ತೀರ್ಪು ಕೊಡುವುದೂ ಸರಿಯಲ್ಲ. ಯಂತ್ರ ಸರಿಯಾದ ಕ್ರಮದಲ್ಲಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅದು ಹೇಳುತ್ತದೆ, ಕಾರಣವನ್ನಲ್ಲ.

ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತಾಲ್ಲೂಕು ಕೇಂದ್ರಗಳ ಸಣ್ಣ ಅಂಗಡಿಗಳವರೆಗೆ ಅಪ್‌ಗ್ರೇಡ್ ಮಾಡಿಕೊಡುವ ಎಲ್ಲರೂ, ಬಯೋಸ್ ಆವೃತ್ತಿ, ರ‍್ಯಾಮ್‌ನ ವೇಗ, ಪ್ರೊಸೆಸರ್ ಮತ್ತು ಕಾರ್ಡಿನ ಸೀರಿಯಲ್ ನಂಬರು, ಮೆಮೊರಿ ಪರೀಕ್ಷೆಯ ಫಲಿತಾಂಶ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಡಲಿ. ಮೆಮ್‌ಟೆಸ್ಟ್86ರ ಉಚಿತ ಆವೃತ್ತಿ ಒಂದು ಪೆನ್‌ಡ್ರೈವ್‌ನಲ್ಲಿದ್ದರೆ ರಾತ್ರಿ ಅಂಗಡಿ ಮುಚ್ಚುವಾಗ ಹಚ್ಚಿಟ್ಟು ಬೆಳಿಗ್ಗೆ ನೋಡಬಹುದು. ಸಮಯವಿಲ್ಲ ಎಂಬ ನೆಪವನ್ನು ನಾನಂತೂ ಒಪ್ಪುವುದಿಲ್ಲ. ಗ್ರಾಹಕರೂ ಬಿಲ್ ಇಲ್ಲದೆ ಕಡಿಮೆ ಬೆಲೆಗೆ ಸಿಗುತ್ತದೆಂದು ಪ್ರೊಸೆಸರ್ ಕೊಳ್ಳಬಾರದು. ಡಬ್ಬಿಯಿಲ್ಲದೆ ಬರುವ ಟ್ರೇ ಪ್ರೊಸೆಸರ್ ಕೆಟ್ಟರೆ ಮಾರಿದ ಅಂಗಡಿಯನ್ನೇ ಕೇಳಬೇಕು ಎಂದು ಇಂಟೆಲ್ ಹೇಳಿರುವುದರಿಂದ, ಅಂಥ ಪ್ರೊಸೆಸರ್ ಕೊಂಡವರ ಕೈಯಲ್ಲಿ ಬಿಲ್ ಇರಲೇಬೇಕು. ಅದಿದ್ದೂ ಅಂಗಡಿಯವರು ವಾರಂಟಿ ನಿರಾಕರಿಸಿದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಬಹುದು.

– ಕಂಪ್ಯೂಟರ್ ದುರಸ್ತಿಗಾರ, ಹಾಸನ