ಆಟಿ ಅಮಾವಾಸ್ಯೆ ಕಷಾಯ: ಮೊದಲು ಮರ ನೋಡಿ

ಎಲ್ಲರಿಗೂ ನಮಸ್ಕಾರ. ನಾಡಿದ್ದು ಆಟಿ ಅಮಾವಾಸ್ಯೆ, ಅಂದರೆ ತುಳುನಾಡಿನಲ್ಲಿ ಪಾಲೆ (ಹಾಲೆ) ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ ಕುಡಿಯುವ ದಿನ. ನಿನ್ನೆಯಿಂದ ಗುಂಪಿನಲ್ಲಿ "ಪಾಲೆ ಕೆತ್ತೆ ಉಡುಪಿಯಲ್ಲಿ ಎಲ್ಲಿ ಸಿಗುತ್ತದೆ" ಎಂಬ ಪ್ರಶ್ನೆಯೇ ಜಾಸ್ತಿ. ಅದಕ್ಕೇ ಈ ಸೂಚನೆ.

ಪಾಲೆ ಕೆತ್ತೆ ಅಷ್ಟೊಂದು ಕಹಿ ಆಗುವುದು ಅದರಲ್ಲಿರುವ ಆಲ್ಕಲಾಯ್ಡ್‌ ಎಂಬ ಸಸ್ಯ ರಾಸಾಯನಿಕಗಳಿಂದ. ಮುಖ್ಯವಾದದ್ದು ಎಕಿಟಮೈನ್. ಹಿಂದೆ ಮಲೇರಿಯಾ ಜ್ವರಕ್ಕೂ ಈ ಕೆತ್ತೆ ಕೊಡುತ್ತಿದ್ದರು. ಹಾಗಂತ ಈಗ ಜ್ವರ ಬಂದರೆ ಇದನ್ನೇ ಕುಡಿದು ಕೂರಬೇಡಿ.

ನಿಜವಾದ ಅಪಾಯ ಮರ ತಪ್ಪಿದಾಗ. ಪಾಲೆಯೆಂದು ಕಾಸರಕ ಮರದ ಕೆತ್ತೆ ತಂದರೆ ಕಷ್ಟ, ಅದರಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಇವೆ. ಎರಡೂ ವಿಷ. ಕುಡಿದರೆ ಮೈ ಸೆಟೆದು ಉಸಿರೇ ನಿಲ್ಲಬಹುದು. ಅದೂ ಕಹಿಯೇ, ಹಾಗಾಗಿ ಬಾಯಿಗೆ ಗೊತ್ತಾಗುವುದಿಲ್ಲ.

ಪಾಲೆಯ ಎಲೆಗಳು ಒಂದೇ ಗಂಟಿನಿಂದ ಕೊಡೆಯ ಕಡ್ಡಿಗಳ ಹಾಗೆ ಸುತ್ತ ಹರಡುತ್ತವೆ, ಹೆಚ್ಚಾಗಿ 7. ಕಾಸರಕದ್ದು ಎರಡೆರಡು ಎದುರುಬದುರು, ಬುಡದಿಂದಲೇ 3-5 ನರ. ಗೀರಿದಾಗ ಹಾಲು ಬಂತೆಂದು ಮಾತ್ರ ನಂಬಬೇಡಿ, ಹಾಲು ಸುರಿಸುವ ಮರಗಳು ಬೇಕಾದಷ್ಟಿವೆ.

ಕತ್ತಲಲ್ಲೇ ಕೆತ್ತೆಯನ್ನು ಕಲ್ಲಿನಿಂದ ಜಜ್ಜಿ ತರುವ ಕ್ರಮ ಇರಲಿ, ಆದರೆ ಮರವನ್ನು ಹಿಂದಿನ ಹಗಲೇ ಗುರುತಿಸಿ ದಾರ ಕಟ್ಟಿ. ಬಸುರಿಯರು, ಮಕ್ಕಳು ಡಾಕ್ಟರನ್ನು ಕೇಳದೆ ಬೇಡ. ಕುಡಿದ ಮೇಲೆ ಮೆಂತೆ ಗಂಜಿ ಮರೆಯಬೇಡಿ (ನನಗೆ ಹಬ್ಬ ಅಂದರೆ ಅದೇ!).

ನಾಳೆ ಸಂಜೆ 5ಕ್ಕೆ ಮರ ನೋಡಲು ಹೋಗುತ್ತೇವೆ. ಬರುವವರು ಇಲ್ಲೇ ಹೇಳಿ.