ಕ್ಲಾಕ್‌ಮ್ಯಾನನ್‌ಶೈರ್ ನಕ್ಷೆ: ಹೆಸರು ಹಾಕುವ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ. ಸ್ಕಾಟ್ಲೆಂಡ್ ನಕ್ಷೆಗೆ ಕನ್ನಡದಲ್ಲಿ ಹೆಸರು ಹಾಕುತ್ತಿರುವವರು ಹಳೇ ನಕ್ಷೆ ನೋಡಿ ಗಡಿ ಎಳೆಯಬೇಡಿ. ಕ್ಲಾಕ್‌ಮ್ಯಾನನ್‌ಶೈರ್ ವಿಷಯದಲ್ಲಂತೂ ಜಾಸ್ತಿ ಜೋಪಾನ.

ಅಲ್ಲಿನ ಹಳೇ ಕೌಂಟಿಗಳಲ್ಲೇ ಇದು ಅತಿ ಚಿಕ್ಕದು. 1975ರಲ್ಲಿ ಕೌಂಟಿ ಆಡಳಿತ ಹೋಯಿತು, ಸೆಂಟ್ರಲ್ ರೀಜನ್ ಅನ್ನೋ ದೊಡ್ಡ ಆಡಳಿತ ಪ್ರದೇಶದ ಕೆಳಗೆ ಬರೀ ಒಂದು ಜಿಲ್ಲೆಯಾಯಿತು. 1996ರಲ್ಲಿ 32 ಕೌನ್ಸಿಲ್‌ಗಳು ಬಂದಾಗ ಮತ್ತೆ ಸ್ವಂತ ಆಡಳಿತ ಸಿಕ್ಕಿತು. ಹಾಗಾಗಿ ‘ಸೆಂಟ್ರಲ್’ ಅಂತ ಎಲ್ಲೂ ಬರೆಯಬೇಡಿ.

ಆಲ್ವಾ ಊರಿನ ಬಗ್ಗೆ ತುಂಬಾ ಜನ ಕೇಳಿದ್ದೀರಿ. 1891ರವರೆಗೆ ಅದು ಸ್ಟರ್ಲಿಂಗ್‌ಶೈರ್‌ಗೆ ಸೇರಿತ್ತು, ತನ್ನ ಕೌಂಟಿಯಿಂದ ದೂರದಲ್ಲಿ ಒಂದು ತುಂಡು ನೆಲವಾಗಿ. ಮಕಾರ್ಟ್ ಅನ್ನೋ ಇನ್ನೊಂದು ಊರು ಬಂದದ್ದು 1975ರಲ್ಲಿ, ಪರ್ತ್‌ಶೈರ್‌ನಿಂದ. ಈಗ ಎರಡೂ ಇಲ್ಲಿವೆ.

ಉತ್ತರಕ್ಕೆ ಓಕಿಲ್ ಬೆಟ್ಟಸಾಲು, ದಕ್ಷಿಣಕ್ಕೆ ಫೋರ್ತ್ ನದಿ. ಆ ಸಾಲಿನ ಅತಿ ಎತ್ತರದ ಶಿಖರ ಬೆನ್ ಕ್ಲೂಕ್, 721 ಮೀಟರ್. ಬೆಟ್ಟದ ಬುಡಕ್ಕೇ ಅಂಟಿಕೊಂಡಂತೆ ಮೆನ್‌ಸ್ಟ್ರಿ, ಆಲ್ವಾ, ಟಿಲಿಕೂಟ್ರಿ, ಡಾಲರ್ ಸಾಲಾಗಿವೆ. ಈ ಸಾಲು ನಕ್ಷೆಯಲ್ಲಿ ಕಾಣಲೇಬೇಕು.

ಆಡಳಿತ ಕೇಂದ್ರ ಆಲೋವಾ, ಕ್ಲಾಕ್‌ಮ್ಯಾನನ್ ಅಲ್ಲ. ಆದರೂ ಆ ಪುಟ್ಟ ಊರನ್ನು ಬಿಡಬೇಡಿ. ಹೆಸರಿನ ಮೂಲವಾದ ‘ಮನಾವ್ ಕಲ್ಲು’ (ಮನಾವ್ ಅಂದರೆ ಈ ಸೀಮೆಯ ಪುರಾತನ ಹೆಸರು) ಇವತ್ತಿಗೂ ಅಲ್ಲಿನ ಹಳೇ ಟೋಲ್‌ಬೂತ್ (ಹಿಂದಿನ ಕಾಲದ ನ್ಯಾಯಾಲಯ ಮತ್ತು ಸೆರೆಮನೆ) ಗೋಪುರದ ಪಕ್ಕದಲ್ಲೇ ನಿಂತಿದೆ. ನನಗಂತೂ ಇಡೀ ನಕ್ಷೆಯಲ್ಲಿ ಅದೇ ಇಷ್ಟದ ಜಾಗ.