ಪುಸ್ತಕ ಅಚ್ಚಾಯಿತು, ಇನ್ನು ಋಣದ ಲೆಕ್ಕ

ಎಡ್ವರ್ಡ್ ಕಿಂಗ್ ಟೆನಿಸನ್ ಕುರಿತು ನಾನು ಬರೆದ ಸಣ್ಣ ಪುಸ್ತಕ ಕಳೆದ ವಾರ ಅಚ್ಚಾಗಿ ಮನೆಗೆ ಬಂದಿದೆ. ಇಂಗ್ಲಿಷ್ ಕವಿ ಟೆನಿಸನ್ ಅಲ್ಲ. ಈ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ! ಈತ ಐರ್ಲೆಂಡಿನ ಜಮೀನುದಾರ, ರಾಜಕಾರಣಿ, ಕಾಗದದ ನೆಗೆಟಿವ್ ಬಳಸುತ್ತಿದ್ದ ಮೊದಲ ತಲೆಮಾರಿನ ಛಾಯಾಗ್ರಾಹಕ. 1805ರಲ್ಲಿ ಹುಟ್ಟಿ 1878ರಲ್ಲಿ ತೀರಿಕೊಂಡವನು. ಧಾರವಾಡದಲ್ಲಿ ಸ್ಟುಡಿಯೊ ಇಟ್ಟುಕೊಂಡು ಮದುವೆ ಫೋಟೊ, ಪಾಸ್‌ಪೋರ್ಟ್ ಫೋಟೊ ತೆಗೆದು ಬದುಕಿದ ನಿಮಗೆ ಅವನ ಉಸಾಬರಿ ಏಕೆ ಎಂದು ಕೇಳಿದವರು ಬಹಳ. ಹಾಗೆ ಕೇಳಿದ ಮೇಲೂ ನೆರವಿಗೆ ನಿಂತವರನ್ನು ಇಲ್ಲಿ ನೆನೆಯುತ್ತಿದ್ದೇನೆ.

ಇದಕ್ಕೆಲ್ಲ ಕಾರಣರಾದವರು ನಮ್ಮ ಓಣಿಯ ನಿವೃತ್ತ ಇತಿಹಾಸ ಮೇಷ್ಟ್ರು. 1854ರ ಕೊನೆಯಲ್ಲಿ ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ ಹಳೇಬೀಡು, ಬೇಲೂರುಗಳಲ್ಲಿ ತೆಗೆದ ಚಿತ್ರಗಳನ್ನು ತೋರಿಸಿ, ಇವು ಗಾಜಿನ ನೆಗೆಟಿವ್ ಅಲ್ಲ, ಕಾಗದದವು ಎಂದರು. ಅಲ್ಲಿಯವರೆಗೆ ಫೋಟೊ ಬೆಳಕಿಗೆ ಕೆಡದಂತೆ ನಿಲ್ಲಿಸುವ ಹೈಪೋ ದ್ರಾವಣದ ವಾಸನೆಯಲ್ಲೇ ಬದುಕು ಕಳೆದಿದ್ದ ನನಗೆ ಕಾಗದದ ನೆಗೆಟಿವ್ ಬಗ್ಗೆ ಇನ್ನಷ್ಟು ತಿಳಿಯಬೇಕೆನಿಸಿತು. ಅದೇ 1854ರಲ್ಲಿ ಟೆನಿಸನ್‌ನ ಸ್ಪೇನ್ ಚಿತ್ರಗಳ ಆಲ್ಬಮ್ ಸಿದ್ಧವಾಗಿತ್ತು. ಅದರ ಹೆಸರು ‘ರೆಕ್ವೆರ್ದೋಸ್ ದೆ ಎಸ್ಪಾನ್ಯಾ’, ಅಂದರೆ ಸ್ಪೇನಿನ ನೆನಪುಗಳು. ಹಳೇಬೀಡಿನಿಂದ ಹೊರಟವನು ಸ್ಪೇನಿನ ಗ್ರಾನಡಾ ತಲುಪಿದ್ದು ಹೀಗೆ. ಸುರಪುರದ ಆಡಳಿತ ನಡೆಸಿದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ನಿವೃತ್ತಿಯ ನಂತರ ಡಬ್ಲಿನ್‌ನ ಹೆರಾಲ್ಡ್ಸ್ ಕ್ರಾಸ್‌ನಲ್ಲಿ ಮನೆ ಮಾಡಿದ್ದರು. ಅಲ್ಲಿ ಕುಳಿತೇ 1866ರಲ್ಲಿ ಪ್ರಕಟವಾದ ಧಾರವಾಡ, ಮೈಸೂರು ಪ್ರಾಂತಗಳ ವಾಸ್ತುಶಿಲ್ಪದ ಛಾಯಾಚಿತ್ರ ಸಂಪುಟಕ್ಕೆ ಇತಿಹಾಸದ ಭಾಗ ಬರೆದುಕೊಟ್ಟರು ಎಂಬುದನ್ನು ಹೇಳಿದವರೂ ಮೇಷ್ಟ್ರೇ. ಹಾಗಾಗಿ ಐರ್ಲೆಂಡ್ ನನಗೆ ಅಷ್ಟೊಂದು ಪರದೇಶವೆನಿಸಲಿಲ್ಲ.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಗೆಳೆಯರು ಇಲ್ಲದಿದ್ದರೆ ಪುಸ್ತಕದ ಎರಡನೆಯ ಅಧ್ಯಾಯವೇ ಇರುತ್ತಿರಲಿಲ್ಲ. ಒಳ್ಳೆಯ ಬರೆಯುವ ಕಾಗದಕ್ಕೆ ಬೆಳ್ಳಿಯ ಅಯೊಡೈಡ್ ಲೇಪಿಸಿ, ಮತ್ತೆ ಬೆಳ್ಳಿಯ ನೈಟ್ರೇಟ್ ಮತ್ತು ಗ್ಯಾಲಿಕ್ ಆಮ್ಲ ಸವರಿ, ಕ್ಯಾಮೆರಾದಲ್ಲಿ ನಿಮಿಷಗಟ್ಟಲೆ ಬೆಳಕಿಗೆ ಒಡ್ಡುವುದು. ಡೆವಲಪ್ ಮಾಡಿ, ಹೈಪೋದಲ್ಲಿ ಅದ್ದಿ, ತೊಳೆದು, ಬೆಳಕು ತೂರಿಹೋಗಲೆಂದು ಮೇಣ ಹಚ್ಚುವುದು. ಕೊನೆಗೆ ಉಪ್ಪು ಮತ್ತು ಬೆಳ್ಳಿ ಸವರಿದ ಇನ್ನೊಂದು ಕಾಗದದ ಮೇಲೆ ಅದನ್ನಿಟ್ಟು ಬಿಸಿಲಿನಲ್ಲಿ ಪ್ರಿಂಟ್ ತೆಗೆಯುವುದು. ಚಿತ್ರ ದೊಡ್ಡದಾಗಬೇಕೆಂದರೆ ನೆಗೆಟಿವ್ ಅಷ್ಟೇ ದೊಡ್ಡದಿರಬೇಕು, ಕ್ಯಾಮೆರಾ ಅದಕ್ಕಿಂತ ದೊಡ್ಡದು. ಇವನ್ನೆಲ್ಲ ಗೆಳೆಯರು ತಮ್ಮ ಮನೆಯ ಮಾಳಿಗೆಯ ಮೇಲೆ ಮಾಡಿ ತೋರಿಸಿದರು. ಅವರ ಶ್ರೀಮತಿಯವರ ಎರಡು ಪಿಂಗಾಣಿ ತಟ್ಟೆಗಳು ಇದರಲ್ಲಿ ಶಾಶ್ವತವಾಗಿ ಕಪ್ಪಾಗಿವೆ. ತಾಯಿ, ನಿಮ್ಮ ತಾಳ್ಮೆಗೆ ಬೇರೆಯೇ ನಮಸ್ಕಾರ.

ಆದರೆ ನನ್ನ ಬೆನ್ನು ಬಿಡದೆ ಕಾಡಿದವರು ಕರಡು ಓದಿದ ಗೆಳತಿ, ರೈತ ಚಳವಳಿಯ ಹಳಬರು. “ಟೆನಿಸನ್ ಲೀಟ್ರಿಮ್ ಜಿಲ್ಲೆಯಿಂದ ಪಾರ್ಲಿಮೆಂಟಿಗೆ ಆರಿಸಿ ಹೋದದ್ದು ಯಾವ ವರ್ಷ?” ಎಂದು ಕೇಳಿದರು. 1847. ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಕ್ಷಾಮ ಶುರುವಾಗಿ ಆಗಲೇ ಎರಡು ವರ್ಷ. ಐರ್ಲೆಂಡಿನವರು ಇಂದಿಗೂ ‘ಕರಾಳ ನಲವತ್ತೇಳು’ ಎಂದು ಕರೆಯುವ ವರ್ಷ ಅದು. ಅವನ ಕಿಲ್ರೋನನ್ ಕೋಟೆಮನೆ ಇದ್ದ ರಾಸ್‌ಕಾಮನ್ ಜಿಲ್ಲೆಯಲ್ಲೇ ಆ ನವೆಂಬರಿನಲ್ಲಿ ಡೆನಿಸ್ ಮಹೋನ್ ಎಂಬ ಜಮೀನುದಾರನನ್ನು ಗುಂಡಿಟ್ಟು ಕೊಂದರು. 1841ರಲ್ಲಿ 1.55 ಲಕ್ಷ ಜನರಿದ್ದ ಲೀಟ್ರಿಮ್‌ನಲ್ಲಿ ಹತ್ತು ವರ್ಷಗಳ ನಂತರ ಉಳಿದದ್ದು ಸುಮಾರು 1.12 ಲಕ್ಷ. ಟೆನಿಸನ್ 1852ರವರೆಗೆ ಸದಸ್ಯನಾಗಿದ್ದ. 1850ರ ಕೊನೆಯ ಹೊತ್ತಿಗಾಗಲೇ ಹೆಂಡತಿಯೊಡನೆ ಸ್ಪೇನಿನಲ್ಲಿದ್ದ. “ಇದನ್ನು ಅಡಿಟಿಪ್ಪಣಿಗೆ ತಳ್ಳಿದರೆ ನಾನು ನಿಮ್ಮ ಪುಸ್ತಕ ಮುಟ್ಟುವುದಿಲ್ಲ” ಎಂದರು. ತಳ್ಳಲಿಲ್ಲ.

ಅವರ ಇನ್ನೊಂದು ಒತ್ತಾಯಕ್ಕೆ ಮಾತ್ರ ನಾನು ಮಣಿಯಲಿಲ್ಲ. ಟೆನಿಸನ್‌ನ ಚಿತ್ರಗಳಲ್ಲಿ ಸ್ಪೇನಿನ ತೊಲೆದೊ, ಬುರ್ಗೋಸ್‌ಗಳ ಬೀದಿಗಳು ಖಾಲಿ. ಅತ್ತ ಲೀಟ್ರಿಮ್‌ನ ಗುಡಿಸಲುಗಳೂ ಖಾಲಿ. ಎರಡನ್ನೂ ಒಂದೇ ವಾಕ್ಯದಲ್ಲಿ ತನ್ನಿ ಎಂದರು. ಒಳ್ಳೆಯ ವಾಕ್ಯವಾಗುತ್ತಿತ್ತು, ನಿಜ. ಆದರೆ ಬೀದಿ ಖಾಲಿ ಕಾಣುವುದು ಬೆಳಕಿಗೆ ಒಡ್ಡುವ ಹೊತ್ತು ದೀರ್ಘವಾದ್ದರಿಂದ. ನಡೆದಾಡುವ ಮನುಷ್ಯನನ್ನು ಆ ಕಾಗದ ಹಿಡಿಯುತ್ತಲೇ ಇರಲಿಲ್ಲ. ಟ್ರೈಪ್‌ನ ಎಷ್ಟೋ ಚಿತ್ರಗಳೂ ಹೀಗೇ ನಿರ್ಜನ. ಕ್ಯಾಮೆರಾದ ಗುಣವನ್ನು ಅದರ ಹಿಂದೆ ನಿಂತವನ ಪಾಪದ ಲೆಕ್ಕಕ್ಕೆ ಬರೆಯುವುದು ಕಸುಬಿನವನಾದ ನನ್ನ ಕೈಯಲ್ಲಾಗಲಿಲ್ಲ. ಲೀಟ್ರಿಮ್‌ನ ಹಸಿವಿನ ವರ್ಷಗಳೂ ಟೆನಿಸನ್‌ನ ಕೈಚಳಕವೂ ಪುಸ್ತಕದಲ್ಲಿ ಬೇರೆ ಬೇರೆಯಾಗಿಯೇ ಇವೆ. ಈ ಜಗಳ ಮುಗಿದಿಲ್ಲ. ಜಗಳಕ್ಕಾಗಿಯೇ ಅವರಿಗೆ ನನ್ನ ದೊಡ್ಡ ಕೃತಜ್ಞತೆ.

ಡಬ್ಲಿನ್‌ನಲ್ಲಿ ನರ್ಸ್ ಆಗಿರುವ ಮಗಳು ರಜೆಯ ದಿನ ಬಸ್ ಹಿಡಿದು ಕಿಲ್ರೋನನ್‌ಗೆ ಹೋಗಿ ಬಂದಳು. ಕೋಟೆಮನೆ ಈಗ ಹೋಟೆಲ್. ಚಹಾದ ಬೆಲೆ ಕೇಳಿ ನಾನು ಅವಳನ್ನು ಬೈದೆ. ಹತ್ತಿರದ ಸ್ಮಶಾನದಲ್ಲಿ 1738ರಲ್ಲಿ ತೀರಿಕೊಂಡ ಕಣ್ಣಿಲ್ಲದ ಹಾರ್ಪ್ ವಾದಕ ಕ್ಯಾರೊಲನ್‌ನ ಸಮಾಧಿಯಿದೆ. ಅವನ ನೆನಪಿಗೆ ಅಲ್ಲಿ ಕಮಾನು ಕಟ್ಟಿಸಿದವಳು ಟೆನಿಸನ್‌ನ ಹೆಂಡತಿ ಲೇಡಿ ಲೂಯಿಸಾ. ಮಗಳು ಕಳಿಸಿದ ಆ ಕಮಾನಿನ ಫೋಟೊ ಬಂದಾಗ ನನ್ನ ಎರಡೂ ಕಣ್ಣಿಗೆ ಪಟ್ಟಿ ಇತ್ತು. ಶಸ್ತ್ರಚಿಕಿತ್ಸೆಯ ನಂತರದ ಆ ವಾರಗಳಲ್ಲಿ ಮನೆಯವಳೇ ಎಲ್ಲವನ್ನೂ ಓದಿ ಹೇಳುತ್ತಿದ್ದಳು. ಲೂಯಿಸಾ 1853ರಲ್ಲಿ ಪ್ರಕಟಿಸಿದ ‘ಕ್ಯಾಸ್ಟೀಲ್ ಆ್ಯಂಡ್ ಆಂಡಲೂಸಿಯಾ’ ಪ್ರವಾಸ ಗ್ರಂಥವನ್ನು ಮಗಳು ಫೋನಿನಲ್ಲಿ ಅಧ್ಯಾಯ ಅಧ್ಯಾಯವಾಗಿ ವಿವರಿಸಿದಳು. ಆ ಗ್ರಂಥದ ಚಿತ್ರಗಳನ್ನು ಲೂಯಿಸಾ ತಾನೇ ಬಿಡಿಸಿದ್ದಳು. ಕೆಲವನ್ನು ಸ್ವೀಡನ್ನಿನ ಕಲಾವಿದ ಎಗ್ರೋನ್ ಲುಂಡ್‌ಗ್ರೆನ್ ಬಿಡಿಸಿದ್ದ. ಇದನ್ನೆಲ್ಲ ಕೇಳಿದ ಮನೆಯವಳು, “ಇಬ್ಬರೂ ಕೂಡಿ ತಿರುಗಿದ್ದಾರೆ, ಆಕೆ ಪುಸ್ತಕವನ್ನೂ ಬರೆದಿದ್ದಾಳೆ. ನಿಮ್ಮ ಹೊದಿಕೆಯ ಮೇಲೆ ಅವನೊಬ್ಬನೇ ಯಾಕೆ?” ಎಂದಳು.

ಡಿಟಿಪಿ ಮಾಡಿದ ಹುಡುಗಿ ತಕರಾರಿಲ್ಲದೆ ಹೊದಿಕೆಯನ್ನು ಹೊಸದಾಗಿ ಕೂರಿಸಿಕೊಟ್ಟಳು. ಈಗ ಅಲ್ಲಿ ಎರಡೂ ಹೆಸರುಗಳಿವೆ, ಒಂದೇ ಅಳತೆಯ ಅಕ್ಷರಗಳಲ್ಲಿ. ಮುದ್ರಕರು ಬಾಕಿ ಹಣಕ್ಕೆ ದೀಪಾವಳಿಯವರೆಗೆ ಕಾಯುತ್ತೇನೆಂದಿದ್ದಾರೆ. ಅವರಿಗೂ ನಮಸ್ಕಾರ. ಓದಲು ಬೇಕಾದವರು ಮನೆಗೇ ಬನ್ನಿ, ಪ್ರತಿಗಳು ಹಳೆಯ ಡಾರ್ಕ್‌ರೂಮಿನಲ್ಲಿವೆ.